‘80 ಟನ್’ ಗ್ರೌಂಡ್ ಮ್ಯಾಟ್: ಎರಿ ಭೂಮಿಯಲ್ಲಿ ಬಳಸಿ ಕಂಡದ್ದು

ಗದಗ ಭಾಗದ ಹೊಲಗಳಲ್ಲಿ ಹೈಟೆನ್ಶನ್ ಲೈನಿನ ಟವರ್‌ಗಳಿಗೆ ಬುನಾದಿ ಹಾಕುವುದು ನಮ್ಮ ಕೆಲಸ. ಟವರ್ ಏಳುವ ಜಾಗಕ್ಕೆ ರಸ್ತೆ ಇರುವುದಿಲ್ಲ, ಕಾಂಕ್ರೀಟ್ ತುಂಬಿದ ಮಿಕ್ಸರ್ ಗಾಡಿ ರೈತರ ಹೊಲದ ಮೇಲೆಯೇ ಹಾಯಬೇಕು. ಗಾಡಿ ಹೂಳದಂತೆ ನೆಲಕ್ಕೆ ಹಾಸಲೆಂದು ಕೊಂಡ 8x4 ಅಡಿಯ, ಅರ್ಧ ಇಂಚು ದಪ್ಪದ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಮ್ಯಾಟ್‌ಗಳು ಹಲವು ಮಳೆಗಾಲ ಕಂಡಿವೆ. ಮಾಲು ಗಟ್ಟಿ, ನಾಲ್ಕು ಸ್ಟಾರ್ ಕೊಡುತ್ತೇನೆ. ಐದನೆಯದನ್ನು ತಡೆದಿರುವುದು ಮಾರಾಟದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ‘80 ಟನ್’ ಎಂಬ ಅಂಕಿ.

ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಹಾಸಿದಾಗ ಪ್ಲಾಸ್ಟಿಕ್ ಜಜ್ಜಿಹೋಗದೆ ಎಷ್ಟು ತಾಳುತ್ತದೆ ಎಂಬ ಲೆಕ್ಕ ಅದು. ಲಾರಿ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟು, ಚದರ ಸೆಂಟಿಮೀಟರಿಗೆ 7–8 ಕೆಜಿ. ಎಚ್‌ಡಿಪಿಇ ಜಜ್ಜಲು ಅದರ ಇಪ್ಪತ್ತು ಪಟ್ಟಾದರೂ ಬೇಕು. ಹಾಗಾಗಿ ಸಿಮೆಂಟ್ ಅಂಗಳದಲ್ಲಿ ಈ ಮ್ಯಾಟಿಗೆ ಏನೂ ಆಗುವುದಿಲ್ಲ, ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲೂ ನಮಗೆ ತೊಂದರೆ ಕೊಟ್ಟಿಲ್ಲ.

ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ ಹೊಲದ, ಮಾತೇ ಬೇರೆ. 6 ಘನ ಮೀಟರ್ ಮಿಕ್ಸರ್ ತುಂಬಿದರೆ ಕಾಂಕ್ರೀಟೇ 14 ಟನ್ ಮೀರುತ್ತದೆ, ಗಾಡಿ ಸೇರಿ 25 ದಾಟುತ್ತದೆ. 2018ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ ಮೂರು ಆಕ್ಸಲ್ ಲಾರಿಗೆ 28.5 ಟನ್, ಹಿಂದಿನ ಜೋಡಿ ಆಕ್ಸಲ್‌ಗೆ 21 ಟನ್ ಮಿತಿ. ಅಂದರೆ ಹಿಂಭಾಗದ ಒಂದೇ ಬದಿಗೆ ಸುಮಾರು 10 ಟನ್ ಬೀಳಬಹುದು. ಒಂದು ಮ್ಯಾಟಿನ ವಿಸ್ತೀರ್ಣ ಹತ್ತಿರಹತ್ತಿರ 3 ಚದರ ಮೀಟರ್. ಆ ಭಾರ ಮ್ಯಾಟಿನ ತುಂಬ ಸಮನಾಗಿ ಹರಡಿದರೆ ಚದರ ಮೀಟರಿಗೆ ಮೂರೂವರೆ ಟನ್ ಕೂಡ ಆಗದು, ಹಸಿ ಎರಿಮಣ್ಣೂ ಅಷ್ಟನ್ನು ಹೊತ್ತೀತು. ಆದರೆ ಅರ್ಧ ಇಂಚಿನ ಹಾಳೆ ಹಾಗೆ ಹರಡಿಕೊಡುವುದಿಲ್ಲ. ಕೆಳಗಿನ ಮಣ್ಣು ಕುಸಿದಂತೆ ಅದೂ ಬಾಗುತ್ತದೆ, ಭಾರವೆಲ್ಲ ಗಾಲಿಯ ಸುತ್ತಲಿನ ಸ್ವಲ್ಪ ಜಾಗಕ್ಕೇ ಇಳಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲದಲ್ಲಿ ಆರಾಮಾಗಿ ಗಾಡಿ ದಾಟಿಸಿದ ಅದೇ ಮ್ಯಾಟ್, ಒಳ್ಳೆಯ ಮಳೆಯಾದ ಮೇಲೆ ಮುರಿಯದೆಯೇ ಕೆಸರಿನೊಳಕ್ಕೆ ಇಳಿದುಬಿಡುತ್ತದೆ. ಮ್ಯಾಟ್ ತೆಗೆದರೆ ಅಡಿಯಲ್ಲಿ ಗಾಲಿಯ ಜಾಡು ಹಾಗೇ ಮೂಡಿರುತ್ತದೆ. ಹಾಗೆ ಒತ್ತಿಹೋದ ಮಣ್ಣು ನೇಗಿಲಿಗೆ ಸಿಗದಷ್ಟು ಆಳದವರೆಗೂ ಬಿಗಿಯಾಗುತ್ತದೆ. ಅದರ ನಷ್ಟ ಹಿಂಗಾರಿ ಕಡಲೆ ಬಿತ್ತುವ ರೈತನಿಗೆ, ನಮಗಲ್ಲ. ನಾನು ಇಷ್ಟು ಒತ್ತಿ ಬರೆಯುತ್ತಿರುವುದು ಅದಕ್ಕೇ.

ಈಗ ನಮ್ಮ ಪದ್ಧತಿ ಇದು: ಹೊಲಕ್ಕಿಳಿದು ಹಿಮ್ಮಡಿ ಊರಿ ನೋಡುತ್ತೇವೆ. ಆಳವಾಗಿ ಹೂತರೆ ತುಂಬಿದ ಗಾಡಿ ಬಿಡುವುದಿಲ್ಲ. ಅರ್ಧ ಲೋಡ್ ತರಿಸುತ್ತೇವೆ, ಅಲ್ಲಿಗೇ ಏಳು ಟನ್ ಭಾರ ಕಡಿಮೆಯಾಯಿತು. ಖರ್ಚು ಹೆಚ್ಚಾದರೂ ಸರಿ. ತೀರಾ ರಾಡಿಯಾಗಿದ್ದರೆ ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಪೈಪಿನಲ್ಲಿ ಕಾಂಕ್ರೀಟ್ ಪಂಪ್ ಮಾಡಿಸುತ್ತೇವೆ.

ಎರಡು ಪದರ ಹಾಸಿದರೆ ಆಯಿತಲ್ಲ ಎಂದು ಅನೇಕರು ಕೇಳುತ್ತಾರೆ. ಇಟ್ಟಿಗೆ ವರಸೆಯಂತೆ ಸಂದು ತಪ್ಪಿಸಿ ಹಾಸಿದರೆ ಉಪಯೋಗವುಂಟು, ಆದರೆ ಬಿಡಿಬಿಡಿಯಾಗಿಟ್ಟ ಎರಡು ಹಾಳೆಗಳ ಬಿಗುವು (ಬಾಗದೆ ತಡೆಯುವ ಶಕ್ತಿ) ಒಂದರ ಎರಡು ಪಟ್ಟು ಮಾತ್ರ. ಒಂದೇ ಹಾಳೆ ಒಂದು ಇಂಚು ದಪ್ಪವಿದ್ದರೆ ಅದು ಎಂಟು ಪಟ್ಟು. ಮೆತ್ತನೆಯ ನೆಲದಲ್ಲೇ ಹೆಚ್ಚು ಕೆಲಸವಿರುವವರು ದಪ್ಪದ್ದನ್ನೇ ಕೊಳ್ಳಲಿ, ಎತ್ತಿ ಹಾಸಲು ಇಬ್ಬರ ಬದಲು ನಾಲ್ವರು ಬೇಕಾದರೂ.

ಕ್ರೇನಿನ ಕಾಲಿನಡಿ ಈ ಮ್ಯಾಟ್ ಖಂಡಿತ ಬೇಡ. ಭಾರ ಎತ್ತಿ ತಿರುಗುವಾಗ ಬಹುಪಾಲು ತೂಕ ಒಂದೇ ಕಾಲಿನ ಮೇಲೆ ಬರುತ್ತದೆ, ಅದಕ್ಕೆ ದಪ್ಪ ಪ್ಯಾಡೇ ಆಗಬೇಕು. ಮ್ಯಾಟಿನ ಮೇಲೆ ನಿಂತಲ್ಲೇ ಸ್ಟೇರಿಂಗ್ ತಿರುಗಿಸುವುದು, ಗಕ್ಕನೆ ಬ್ರೇಕ್ ಹಾಕುವುದೂ ಬೇಡ. ಮ್ಯಾಟ್ ಜಾರುತ್ತದೆ, ಗಾಲಿ ಅಂಚಿಗೆ ಬಂದರೆ ಆ ಮೂಲೆ ನೆಲಕ್ಕೆ ಇಳಿದು ಇನ್ನೊಂದು ಮೂಲೆ ಮೇಲೇಳುತ್ತದೆ. ಏಪ್ರಿಲ್ ಬಿಸಿಲಿಗೆ ಕರಿ ಮ್ಯಾಟ್ ಬೆಳಗಿಗಿಂತ ಮಧ್ಯಾಹ್ನ ಒಂದು ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ. ಜೋಡಿಸುವ ಕ್ಲಿಪ್‌ಗಳನ್ನು ಸ್ವಲ್ಪ ಸಡಿಲ ಬಿಡಿ.

ಕೊಳ್ಳುವಾಗ ಒಂದನ್ನು ತೂಗಿ ನೋಡಿ. ಈ ಅಳತೆಯ ಎಚ್‌ಡಿಪಿಇ ಹಾಳೆ ಸುಮಾರು 36 ಕೆಜಿ ಬರಬೇಕು, ಮೇಲಿನ ಉಬ್ಬುಗೆರೆಗಳು ಸೇರಿದರೆ ಇನ್ನೂ ತುಸು ಹೆಚ್ಚು. 30ರ ಆಸುಪಾಸು ಬಂದರೆ ಅದು ಅರ್ಧ ಇಂಚಿನದಲ್ಲ.