ಟೊರಾಂಟೊ ಚಳಿಗಾಲದಲ್ಲಿ ಕರಿಬೇವಿಗೆ ಬಿಳಿ ಗ್ರೋ ಲೈಟ್: ಕೆಲವು ವರ್ಷಗಳ ಬಳಕೆಯ ನಂತರ

ಟೊರಾಂಟೊದಲ್ಲಿ ಡಿಸೆಂಬರ್ ಹಗಲು ಸುಮಾರು 9 ಗಂಟೆ ಮಾತ್ರ. ಮೋಡ ಬೇರೆ. ಕರಿಬೇವಿನ ಕುಂಡವನ್ನು ಕಿಟಕಿ ಪಕ್ಕ ಇಟ್ಟರೆ ಎಲೆ ಉದುರಿಸಿ ನಿಂತುಬಿಡುತ್ತದೆ. ಹಾಗಾಗಿ ಕೆಲವು ವರ್ಷಗಳಿಂದ 100 ವ್ಯಾಟಿನ ಬಿಳಿ ಫುಲ್ ಸ್ಪೆಕ್ಟ್ರಂ (ಎಲ್ಲ ಬಣ್ಣದ ಬೆಳಕೂ ಇರುವ) ಎಲ್‌ಇಡಿ ಪ್ಯಾನೆಲ್ ಬಳಸುತ್ತಿದ್ದೇನೆ. ಬಿಳಿ ಎಲ್‌ಇಡಿಗಳ ನಡುವೆ 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಎಲ್‌ಇಡಿಗಳಿವೆ.

ಮೊದಲು ನಮ್ಮಲ್ಲಿ ಇದ್ದದ್ದು ಕೆಂಪು, ನೀಲಿ ಬೆರೆತ ನೇರಳೆ ಲೈಟು. ಕ್ಲೋರೊಫಿಲ್ ಕೆಂಪು, ನೀಲಿ ಬೆಳಕನ್ನೇ ಜಾಸ್ತಿ ಹೀರುತ್ತದೆ ಅನ್ನುವ ಲೆಕ್ಕದಲ್ಲಿ ಮಾಡಿದ್ದು. ಲೆಕ್ಕ ಸರಿಯೇ, ಗಿಡ ಅದರಲ್ಲೂ ಚಿಗುರಿತು. ಆದರೆ ಹಸಿರು ಬೆಳಕು ದಂಡ ಅಂತ ಹೇಳುತ್ತಾರಲ್ಲ, ಅದು ನಿಜವಲ್ಲ. ಕೆಂಪು, ನೀಲಿ ಬಹುಪಾಲು ಎಲೆಯ ಮೇಲ್ಪದರದಲ್ಲೇ ಮುಗಿಯುತ್ತವೆ. ಹಸಿರು ಇನ್ನೂ ಒಳಕ್ಕೆ ಇಳಿಯುತ್ತದೆ, ಕೆಳಗಿನ ಎಲೆಗಳಿಗೂ ಸ್ವಲ್ಪ ದಾಟುತ್ತದೆ.

ಆದರೂ ನಾನು ಬಿಳಿಯನ್ನೇ ಹಿಡಿದುಕೊಂಡಿರುವುದು ಗಿಡ ಕಣ್ಣಿಗೆ ಸರಿಯಾಗಿ ಕಾಣಲಿ ಅಂತ. ನೇರಳೆ ಬೆಳಕಲ್ಲಿ ಎಲೆಯೆಲ್ಲ ಕಪ್ಪು ಕಪ್ಪು. ಬಿಳಿ ಬೆಳಕಲ್ಲಿ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆಯ ಗುಮಾನಿ ಕೂಡಲೇ ಬರುತ್ತದೆ. ಕಾಂಡಕ್ಕೆ ಅಂಟಿದ ಕಂದು ಸ್ಕೇಲ್ ಹುಳು ಹರಡುವ ಮೊದಲೇ ಸಿಗುತ್ತದೆ. ಒಗ್ಗರಣೆಗೆ ಎಲೆ ಕೀಳುವಾಗ ಇದೇ ಬೇಕು, ಅಲ್ವಾ?

ಕೊಳ್ಳುವಾಗ ಡಬ್ಬದ ಮೇಲಿನ ‘1000 ವ್ಯಾಟ್’ ನಂಬಬೇಡಿ. ಅಂಥ ಎಷ್ಟೋ ಲೈಟುಗಳು ನಿಜಕ್ಕೂ ಎಳೆಯುವುದು ನೂರರ ಆಸುಪಾಸು. ಲ್ಯೂಮೆನ್ ಮನುಷ್ಯರ ಕಣ್ಣಿನ ಅಳತೆ, ಗಿಡಕ್ಕೆ ಅದು ಸಲ್ಲದು. ಪಿಪಿಎಫ್‌ಡಿ (ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಬೀಳುವ, ಗಿಡಕ್ಕೆ ಉಪಯೋಗವಾಗುವ ಬೆಳಕು; ಮೈಕ್ರೋಮೋಲ್ ಲೆಕ್ಕದಲ್ಲಿ) ಕೇಳಿ, ಅದೂ ಎಷ್ಟು ಎತ್ತರದಿಂದ ಅಳೆದದ್ದು ಅಂತ. ಎಲೆಯ ಮಟ್ಟದಲ್ಲಿ 200 ಮೈಕ್ರೋಮೋಲ್ ಇದ್ದು, 14 ಗಂಟೆ ಉರಿಸಿದರೆ ದಿನಕ್ಕೆ ಸುಮಾರು 10 ಮೋಲ್ ಬೆಳಕು ಸಿಗುತ್ತದೆ. ನನ್ನ ಗಿಡ ಇಷ್ಟರಲ್ಲೇ ಚಳಿಗಾಲವಿಡೀ ಚಿಗುರುತ್ತದೆ. ಕರೆಂಟು ದಿನಕ್ಕೆ 1.4 ಯೂನಿಟ್.

ತಕರಾರೂ ಇದೆ. ಡ್ರೈವರ್ (ದೀಪಕ್ಕೆ ಕರೆಂಟು ಹದಮಾಡಿ ಕೊಡುವ ಡಬ್ಬ) ತುಂಬಾ ಬಿಸಿಯಾಗುತ್ತದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಗುಬುಟು ಸಡಿಲವಾಗಿದೆ. ಕೆಂಪನ್ನು ಬೇರೆಯಾಗಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಈ ಬೆಲೆಗೆ ಅದನ್ನಾದರೂ ಕೊಡಬೇಕಿತ್ತು.

ಹವಳದ ತೊಟ್ಟಿಗೂ ಇದೇ ಆಗುತ್ತಾ ಅಂತ ಗೆಳೆಯರೊಬ್ಬರು ಕೇಳಿದರು. ಬೇಡ ಅಂದೆ. ಸಮುದ್ರದ ನೀರು ಕೆಂಪನ್ನು ಮೊದಲ ಕೆಲವು ಮೀಟರಿನಲ್ಲೇ ನುಂಗುತ್ತದೆ, ನೀಲಿ ಆಳಕ್ಕೆ ಹೋಗುತ್ತದೆ. ಹವಳದೊಳಗಿನ ಪಾಚಿ ಆ ನೀಲಿಗೇ ಒಗ್ಗಿಕೊಂಡಿದೆ. ಅದಕ್ಕೆ 420ರಿಂದ 460 ನ್ಯಾನೊಮೀಟರಿನ ನೀಲಿ ಜಾಸ್ತಿ ಇರುವ ಲೈಟು ಬೇಕು. ಅದನ್ನೂ ಮೊದಲ ದಿನವೇ ಪೂರ್ತಿ ಉರಿಸಬಾರದು. ಕಡಿಮೆಯಿಂದ ಶುರು ಮಾಡಿ ಕೆಲವು ವಾರಗಳಲ್ಲಿ ಏರಿಸಬೇಕು, ಇಲ್ಲದಿದ್ದರೆ ಹವಳ ಬಿಳಿಚಿಕೊಳ್ಳುತ್ತದೆ.