ದೀಕ್ಷಾನಾ, ಫೆಟ್ಟಾ? ವಿಜ್ಞಾನದ ತರಗತಿಗೆ ಯಾವುದು?

ಗೌರಿಬಿದನೂರು ಕಡೆಯ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುವವರಿಗೆ ಇದು. ದೀಕ್ಷಾ ಅಂದರೆ ಕೇಂದ್ರ ಸರ್ಕಾರದ ಕಲಿಕಾ ಆ್ಯಪ್, 2017ರಲ್ಲಿ ಶುರುವಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದೇ ಪಾಠದ ಸಾಮಗ್ರಿ ಸಿಗುತ್ತದೆ. ಹುಡುಕಾಟ ಕಡಿಮೆ. ಆದರೆ ವಿಡಿಯೊ ಹಾಕಿದರೆ ಮಕ್ಕಳು ಸುಮ್ನೆ ನೋಡುತ್ತಾ ಕೂರುವುದೇ ಜಾಸ್ತಿ.

ಫೆಟ್ ಹಾಗಲ್ಲ. ಅದರಲ್ಲಿರುವುದು ಪರದೆ ಮೇಲೆ ಮಕ್ಕಳೇ ಮಾಡಿ ನೋಡುವ ಪ್ರಯೋಗಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ್ದು, ಉಚಿತ, ಕೆಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ವಿದ್ಯುತ್ ಪಾಠದಲ್ಲಿ ಮಗುವೇ ಪರದೆ ಮೇಲೆ ತಂತಿ ಎಳೆದು ಬ್ಯಾಟರಿಗೆ ಬಲ್ಬ್ ಸೇರಿಸಬಹುದು. ಒಂದು ತಂತಿ ಬಿಡಿಸಿದರೆ ಬಲ್ಬ್ ಆರುತ್ತದೆ. ಯಾಕೆ ಅಂತ ಹಿಂದಿನ ಬೆಂಚಿನವರೂ ಕೇಳುತ್ತಾರೆ. ಆ ಪ್ರಶ್ನೆಗೇ ಅಲ್ವಾ ನಾವು ಕಾಯುವುದು? ಪಾಠಕ್ಕೆ ತಕ್ಕದ್ದನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.

ಹೊಸ ವಿಷಯಕ್ಕೆ ನನ್ನ ಆಯ್ಕೆ ಫೆಟ್, ಪುನರಾವರ್ತನೆಗೆ ದೀಕ್ಷಾ. ಯಾವುದಾದರೂ ಸರಿ, ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.