ಕಲಬುರಗಿಯ ಬೋರ್ ನೀರಿಗೆ ಹಳೇ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ತಾಳುತ್ತಾ?

ತೊಂಬತ್ತರ ದಶಕದ ಮೆಷಿನ್ ಇದು. ಗಾಜಿನ ದುಂಡು ಬಾಗಿಲು, ಸ್ಟೀಲ್ ಡ್ರಮ್, ಟಕಟಕ ಅಂತ ತಿರುಗುವ ಟೈಮರ್ ಗುಂಡಿ. ಡಿಸ್‌ಪ್ಲೇ ಇಲ್ಲ, ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡೂ ಇಲ್ಲ. ವರ್ಷಗಟ್ಟಲೆ ಬಳಸಿದ ಮೇಲೂ ಕೊಡೋಕೆ ಮನಸ್ಸಿಲ್ಲ.

ಕರೆಂಟ್ ಹೋದರೆ ಗುಂಡಿ ಇದ್ದಲ್ಲೇ ನಿಲ್ಲುತ್ತೆ, ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತೆ. ಸ್ವಲ್ಪ ಹೊತ್ತಿಗೆ ಬಾಗಿಲ ಲಾಕ್ ಸಡಿಲಾಗುತ್ತೆ. ಹಾಗಂತ ತೆರೆಯಬೇಡಿ, ಒಳಗಿನ ನೀರೆಲ್ಲ ನೆಲಕ್ಕೆ! ವೋಲ್ಟೇಜ್ ಏರುಪೇರಿನ ಭಯ ಕಡಿಮೆ. ನಮ್ಮ ಮೆಕ್ಯಾನಿಕ್ ಯಾವಾಗಲೂ ಹೇಳೋದು: “ಅಕ್ಕಾರೆ, ಹೊಸಾವ್ರಾಗ ಬೋರ್ಡ್ ಹೋಗ್ತದ್ರಿ. ಇದ್ರಾಗ ಹೋಗ್ಲಾಕ ಬೋರ್ಡೇ ಇಲ್ರಿ.”

ಇದರ ನಿಜವಾದ ಶತ್ರು ನಮ್ಮ ಬೋರ್ ನೀರು. ಗಡಸು ನೀರು ಕಾಯಿಸಿದರೆ ಅದರಲ್ಲಿ ಕರಗಿರುವ ಸುಣ್ಣ ಹೀಟರ್ ಮೇಲೆ ಕೂರುತ್ತೆ. ನೀರು ಬಿಸಿಯಾಗೋದು ತಡವಾಗ್ತಿದೆ ಅಂತ ಹೀಟರ್ ತೆಗೆಸಿ ನೋಡಿದರೆ, ಕೊಳವೆಯೇ ಕಾಣದಷ್ಟು ದಪ್ಪ ಬಿಳಿ ಪದರ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರಿತು. ಚಕ್ಕೆಯ ಅಂಚಲ್ಲಿ ಒಂದರ ಮೇಲೊಂದು ಗೆರೆ. ಮೆಷಿನ್ ಇಟ್ಟಿರುವ ಶಹಾಬಾದ್ ಫರ್ಸಿಯೂ ಸುಣ್ಣದ ಕಲ್ಲೇ ಅಲ್ವಾ, ಅದರದೇ ಜಾತಿ ಇದು. ಈಗ ಆಗಾಗ ಖಾಲಿ ಡ್ರಮ್ಮಿಗೆ ಒಂದು ಹಿಡಿ ಸಿಟ್ರಿಕ್ ಆಸಿಡ್ ಪುಡಿ ಹಾಕಿ 60 ಡಿಗ್ರಿಯಲ್ಲಿ ಓಡಿಸುತ್ತೇನೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೂ ಕೊಡುತ್ತಾರೆ. ದಿನದ ಬಟ್ಟೆಗೆ 40 ಡಿಗ್ರಿ ಸಾಕು, ಬಿಸಿ ಜಾಸ್ತಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತೆ. ಹೊಲದ ಕರಿಮಣ್ಣು ಮೆತ್ತಿದ ಧೋತರ ಮಾತ್ರ ಮೊದಲು ಬಕೆಟ್‌ನಲ್ಲಿ ಜಾಲಿಸಿಯೇ ಹಾಕಬೇಕು.

ಒಂದು ಸಲ ಒಗೆಯೋಕೆ ಎರಡು ಗಂಟೆ ಹತ್ತಿರ ಬೇಕು. ಟಾಕಿ ಎತ್ತರದಲ್ಲಿಲ್ಲದಿದ್ದರೆ ಪ್ರೆಶರ್ ಸಾಲದೆ ನೀರು ತುಂಬೋದೂ ತಡ. ಹೊಸ ಮೆಷಿನ್‌ನಷ್ಟು ಹಿಂಡುವುದಿಲ್ಲ. ನಮ್ಮ ಬಿಸಿಲಿಗೆ ಅದು ಲೆಕ್ಕಕ್ಕಿಲ್ಲ ಬಿಡಿ, ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಹಾಕಿ ಇಳಿಯೋದರೊಳಗೆ ಅರ್ಧ ಒಣಗಿರುತ್ತೆ. ಮಳೆಗಾಲದಲ್ಲಿ ಬೈದುಕೊಳ್ಳುತ್ತೇನೆ.

ಬೆಲ್ಟ್ ಸುಲಭವಾಗಿ ಸಿಗುತ್ತೆ, ದುಡ್ಡೂ ಜಾಸ್ತಿಯಿಲ್ಲ. ಬಾಗಿಲ ರಬ್ಬರ್‌ಗೆ ಮಾತ್ರ ಸತಾಯಿಸಿದರು. ಒಂದು ಅಂಗಡಿಯವರು ಬೇರೆ ಮಾಡೆಲ್‌ನದು ಕೊಟ್ಟು ‘ಕೂರುತ್ತೆ’ ಅಂದರು, ಕೂರಲಿಲ್ಲ. ವಾಪಸ್ಸೂ ತಗೊಳ್ಳಲಿಲ್ಲ. ಸರಿಯಾದದ್ದು ಕೊನೆಗೆ ಗುಜರಿಗೆ ಹೋದ ಇನ್ನೊಂದು ಮೆಷಿನ್‌ನಿಂದ ಬಂತು. ಒಗೆದ ಮೇಲೆ ಆ ರಬ್ಬರಿನ ಮಡಿಕೆ ಒರೆಸಿ, ಬಾಗಿಲು ತೆರೆದಿಡಿ. ಇಲ್ಲದಿದ್ದರೆ ಬಟ್ಟೆಯೆಲ್ಲ ಮುಗ್ಗಲು ವಾಸನೆ.

ಹಳೇದು ಕೊಳ್ಳೋಕೆ ಹೋದವರು ಬಣ್ಣ ನೋಡಬೇಡಿ. ಬಾಗಿಲು ತೆರೆದು, ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹೊರಗಿನ ಟಬ್ ಅಲ್ಲಾಡದೆ ಡ್ರಮ್ ಮಾತ್ರ ಲಟಲಟ ಅಂದರೆ ಬೇರಿಂಗ್ ಹೋಗಿದೆ. ಆ ರಿಪೇರಿಗೆ ಇಡೀ ಮೆಷಿನ್ ಬಿಚ್ಚಬೇಕು, ಪುಕ್ಕಟೆ ಕೊಟ್ಟರೂ ಬೇಡ.